ಗಟ್ಟಿ ಗೋಡೆಗೆ ಒಳಗಿನಿಂದ ಇನ್ಸುಲೇಶನ್: ಹಿಂದೆ ತೇವ ಸಿಕ್ಕಿಹಾಕ್ಕೊಳ್ಳದ ಹಾಗೆ ಮಾಡೋದು ಹೇಗೆ

ಗೋಡೆಗೆ ಹಚ್ಚಿದ ಇನ್ಸುಲೇಶನ್ ಬೋರ್ಡ್ (ಶಾಖ ಸೋರದ ಹಾಗೆ ತಡೆಯೋ ಹಲಗೆ) ಕಿತ್ತು ತೆಗೆದ ಜಾಗದ ಫೋಟೋ ಕಳಿಸಿ "ಇದೇನಾಯ್ತು ನೋಡಿ" ಅಂತ ಕೇಳೋರು ಕಮ್ಮಿ ಆಗ್ತಾನೇ ಇಲ್ಲ. ಎಲ್ಲಾ ಫೋಟೋನೂ ಹೆಚ್ಚುಕಮ್ಮಿ ಒಂದೇ ಥರ. ಮುಂದೆ ನೀಟಾಗಿ ಪೇಂಟ್ ಹೊಡೆದ ಗೋಡೆ, ಹಿಂದೆ ಕಪ್ಪು ಬೂಷ್ಟು, ಕೆಲಸ ಮುಗಿದು ಎರಡು ಚಳಿಗಾಲನೂ ಆಗಿರಲ್ಲ. ವಿಚಾರಿಸಿದ್ರೆ ಸಾಮಾನು ಒಳ್ಳೇದೇ ತಂದಿರ್ತಾರೆ, ಕೈಕೆಲಸಾನೂ ಅಚ್ಚುಕಟ್ಟಾಗೇ ಇರುತ್ತೆ, ಆದ್ರೆ ಮೊದಲು ಬೋರ್ಡ್ ಕೊಂಡ್ಕೊಂಡು ಆಮೇಲೆ ಗೋಡೆ ಕಡೆ ನೋಡಿರ್ತಾರೆ. ಈ ಕೆಲಸದಲ್ಲಿ ಬೋರ್ಡ್ ಹಚ್ಚೋದು ಆರನೇ ಹಂತ. ಅದಕ್ಕಿಂತ ಮುಂಚಿನ ಐದನ್ನ ಹಾರಿಸಿದ್ರೆ ಎಂಥ ದುಬಾರಿ ಬೋರ್ಡೂ ಉಳಿಸಲ್ಲ.

ಗಟ್ಟಿ ಗೋಡೆ ಅಂದ್ರೆ ಇಲ್ಲಿ ನಡುವೆ ಟೊಳ್ಳು ಇಲ್ಲದ, ಪೂರ್ತಿ ಇಟ್ಟಿಗೆ ಅಥವಾ ಕಲ್ಲಿನ ಗೋಡೆ. ಮಳೆ ಬಿದ್ದಾಗ ಅದು ಒಂದಿಷ್ಟು ನೀರು ಕುಡಿಯುತ್ತೆ, ಬಿಸಿಲು ಗಾಳಿ ಬಂದಾಗ ಎರಡೂ ಕಡೆಯಿಂದ ಬಿಡುತ್ತೆ. ನಾವು ಒಳಗಡೆ ಬೋರ್ಡ್ ಹಚ್ಚಿದ ತಕ್ಷಣ ಒಂದು ಕಡೆ ದಾರಿ ಕಿರಿದಾಗುತ್ತೆ, ಜೊತೆಗೆ ಮನೆ ಒಳಗಿನ ಬಿಸಿ ಗೋಡೆಗೆ ತಲುಪದೆ ಗೋಡೆ ತಣ್ಣಗಾಗುತ್ತೆ. ತೊಂದರೆ ಶುರುವಾಗೋದೇ ಇಲ್ಲಿ.

## ಎಷ್ಟು ತಣ್ಣಗಾಗುತ್ತೆ, ಒಂದು ಸಣ್ಣ ಲೆಕ್ಕ

ಸುಮಾರು 225 ಮಿ.ಮೀ. ದಪ್ಪದ ಇಟ್ಟಿಗೆ ಗೋಡೆ ತಗೊಳ್ಳಿ, ಯು-ವ್ಯಾಲ್ಯೂ (ಗೋಡೆಯಿಂದ ಶಾಖ ಎಷ್ಟು ಸೋರುತ್ತೆ ಅನ್ನೋ ಅಳತೆ) 2.1 ಅಂತ ಇಟ್ಕೊಳ್ಳಿ. ಒಳಗೆ 20 ಡಿಗ್ರಿ, ಹೊರಗೆ 0 ಡಿಗ್ರಿ. ಬೋರ್ಡ್ ಇಲ್ಲದಾಗ ಗೋಡೆಯ ಒಳಮೈ ಸುಮಾರು 14.5 ಡಿಗ್ರಿ ಇರುತ್ತೆ. 60 ಮಿ.ಮೀ. ಮರದ ನಾರಿನ ಬೋರ್ಡ್ ಹಚ್ಚಿದ್ರೆ ಅದೇ ಇಟ್ಟಿಗೆ ಮೈ, ಅಂದ್ರೆ ಈಗ ಬೋರ್ಡಿನ ಹಿಂದೆ ಇರೋ ಜಾಗ, ಸುಮಾರು 3.5 ಡಿಗ್ರಿಗೆ ಇಳಿಯುತ್ತೆ. ಈಗ ಮನೆ ಗಾಳಿ ನೋಡಿ, 20 ಡಿಗ್ರಿಯಲ್ಲಿ 60 ಪರ್ಸೆಂಟ್ ಹ್ಯುಮಿಡಿಟಿ ಇದ್ರೆ ಅದರ ಇಬ್ಬನಿ ಬಿಂದು, ಅಂದ್ರೆ ಗಾಳಿಯಲ್ಲಿರೋ ಹಬೆ ನೀರಾಗೋಕೆ ಶುರುವಾಗೋ ಉಷ್ಣತೆ, 12 ಡಿಗ್ರಿ. ಅಂದ್ರೆ ಆ ಗಾಳಿ ಯಾವುದಾದ್ರೂ ಸಂದಿಯಿಂದ ಬೋರ್ಡ್ ಹಿಂದಕ್ಕೆ ಹೋದ್ರೆ ಅಲ್ಲಿ ನೀರಾಗೋದು ಗ್ಯಾರಂಟಿ, ತಣ್ಣನೆ ಲೋಟದ ಮೈ ಬೆವರೋ ಹಾಗೆ.

ಇನ್ನೊಂದು ಲೆಕ್ಕಾನೂ ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ದಪ್ಪ ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋರು ಬಹಳ. ಅದೇ ಗೋಡೆಗೆ 20 ಮಿ.ಮೀ. ಹಚ್ಚಿದ್ರೇನೇ ಶಾಖ ಸೋರೋದು ಅರ್ಧಕ್ಕೆ ಇಳಿಯುತ್ತೆ, 60 ಮಿ.ಮೀ.ಗೆ ಮುಕ್ಕಾಲು ಭಾಗ ನಿಲ್ಲುತ್ತೆ, 100 ಮಿ.ಮೀ.ಗೆ ಹೋದ್ರೆ ಮೇಲೆ ಸಿಗೋದು ಇನ್ನೊಂದು 8 ಪರ್ಸೆಂಟ್ ಅಷ್ಟೇ. ಆ 8 ಪರ್ಸೆಂಟಿಗೋಸ್ಕರ ಗೋಡೆ ಇನ್ನೂ ತಣ್ಣಗಾಗಿ, ಇನ್ನೂ ನಿಧಾನಕ್ಕೆ ಒಣಗುತ್ತೆ. ಹಳೇ ಗೋಡೆ ಆದ್ರೆ ನಾನು 40 ರಿಂದ 60 ಮಿ.ಮೀ.ಗೇ ನಿಲ್ಲಿಸ್ತೀನಿ.

## ಕೈಗೆ ಬೇಕಾದ ಸಾಮಾನು

ಗಾಳಿಯ ತೇವ ಅಳೆಯೋ ಹೈಗ್ರೋಮೀಟರ್ ಎರಡು, ಪಿನ್ ಇರೋ ಮಾಯಿಶ್ಚರ್ ಮೀಟರ್, ಒಂದಿಷ್ಟು ದಪ್ಪ ಪ್ಲಾಸ್ಟಿಕ್ ಶೀಟ್, ಒಳ್ಳೇ ಟೇಪ್, ಉದ್ದದ ಲೆವೆಲ್ ಪಟ್ಟಿ, ಹಲ್ಲು ಇರೋ ಕರಣೆ, ಸುತ್ತಿಗೆ ಉಳಿ, ಗಾಳಿ ತಡೆಯೋ ಟೇಪ್ ಮತ್ತು ಸೀಲೆಂಟ್. ಗೋಡೆ ಒಳಗೆ ಬಿಟ್ಟು ನಂಬರ್ ಓದೋ ವೈರ್‌ಲೆಸ್ ಸೆನ್ಸರ್ ಎರಡೋ ಮೂರೋ ಸಿಕ್ಕಿದ್ರೆ ಬಿಡಬೇಡಿ.

ಹೈಗ್ರೋಮೀಟರ್ ಹೊಸದು ಅಂತ ನಂಬಬೇಡಿ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಹಸಿ ಮರಳಿನ ಹಾಗೆ ಆಗೋವಷ್ಟು ನಾಲ್ಕು ಹನಿ ನೀರು ಬಿಟ್ಟು, ಮೀಟರ್ ಜೊತೆ ಗಾಳಿಯಾಡದ ಡಬ್ಬದಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ 75 ಪರ್ಸೆಂಟ್ ತೋರಿಸಬೇಕು. 68 ತೋರಿಸಿದ್ರೆ ಆ ಮೀಟರ್ 7 ಕಮ್ಮಿ ಹೇಳುತ್ತೆ ಅಂತ ಅದರ ಬೆನ್ನ ಮೇಲೇ ಬರೆದಿಟ್ಕೊಳ್ಳಿ.

## ಹಂತ 1: ಹೊರಗಿನ ನೀರು ನಿಲ್ಲಿಸಿ

ಜೋರು ಮಳೆ ಬರೋವಾಗ ಛತ್ರಿ ಹಿಡ್ಕೊಂಡು ಮನೆ ಸುತ್ತ ಒಂದು ರೌಂಡ್ ಹಾಕಿ. ಬಿಸಿಲಲ್ಲಿ ಎಷ್ಟು ನೋಡಿದ್ರೂ ಕಾಣದೇ ಇರೋದು ಆವಾಗ ಕಾಣುತ್ತೆ: ಮಳೆನೀರಿನ ಪೈಪ್ ಜಾಯಿಂಟಲ್ಲಿ ಸೋರಿ ಗೋಡೆ ಮೇಲೆ ಇಳಿಯೋದು, ಕಿಟಕಿ ಕೆಳಗಿನ ಹಲಗೆ ನೀರನ್ನ ಹೊರಗೆ ಬೀಳಿಸೋ ಬದಲು ಗೋಡೆಗೇ ಹರಿಸೋದು, ತಾರಸಿ ಅಂಚಲ್ಲಿ ತುಂಬಿ ಚೆಲ್ಲೋದು. ಇದೆಲ್ಲ ರಿಪೇರಿ ಆಗದೆ ಒಳಗೆ ಕೈ ಹಾಕಬೇಡಿ.

ಹೊರಗಿನ ನೆಲದ ಮಟ್ಟಾನೂ ನೋಡಿ. ಡಿಪಿಸಿಗಿಂತ (ನೆಲದ ತೇವ ಗೋಡೆಗೆ ಏರದ ಹಾಗೆ ಗೋಡೆ ತಳದಲ್ಲಿ ಹಾಕಿರೋ ಪದರ) ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ವರ್ಷಾನುಗಟ್ಟಲೆ ಮಣ್ಣು, ಕಲ್ಲುಹಾಸು ಏರಿಸ್ಕೊಂಡು ಬಂದು ಡಿಪಿಸಿ ಮುಚ್ಚಿಹೋಗಿರುತ್ತೆ, ಜನ ಮಾತ್ರ ಒಳಗಡೆ ತೇವ ಏರ್ತಿದೆ ಅಂತ ಕೆಮಿಕಲ್ ಇಂಜೆಕ್ಷನ್ ಕೊಡಿಸ್ತಿರ್ತಾರೆ. ಒಂದು ಸಲಿಕೆ ಸಾಕಾಗೋ ಕೆಲಸ ಅದು.

ಹಳೇ ಸುಣ್ಣದ ಗಾರೆ ಗೋಡೆಗೆ ಯಾರೋ ಸಿಮೆಂಟ್ ಪಾಯಿಂಟಿಂಗ್ ಮಾಡಿದ್ರೆ ಅದೂ ಸಮಸ್ಯೆನೇ. ಸಿಮೆಂಟ್ ಗಟ್ಟಿ, ಸಣ್ಣಗೆ ಬಿರುಕು ಬಿಡುತ್ತೆ, ಆ ಬಿರುಕಲ್ಲಿ ನೀರು ಒಳಗೆ ಹೋಗುತ್ತೆ, ಆಮೇಲೆ ಸಂದಿಯಿಂದ ಹೊರಗೆ ಬರೋಕ್ಕಾಗದೆ ಇಟ್ಟಿಗೆ ಮೂಲಕ ಬಂದು ಇಟ್ಟಿಗೆ ಮುಖಾನೇ ಉದುರಿಸುತ್ತೆ. ಕಿತ್ತು ಸುಣ್ಣದಲ್ಲೇ ಮಾಡ್ಸಿ. ನೀರು ತಡೆಯೋ ಸಿಲೇನ್ ಕ್ರೀಮ್ ಹಚ್ಚೋ ಆಸೆ ಇದ್ರೆ ಬಿರುಕು ಎಲ್ಲಾ ಮುಚ್ಚಿದ ಮೇಲೆ ಮಾತ್ರ, ಅದನ್ನ ಹಚ್ಚಿದ ಮೇಲೆ ವಾಪಸ್ ತೆಗೆಯೋಕ್ಕಾಗಲ್ಲ.

## ಹಂತ 2: ಗೋಡೆ ನಿಜವಾಗ್ಲೂ ಒಣಗಿದ್ಯಾ ನೋಡಿ

ಸೋರಿಕೆ ನಿಲ್ಲಿಸಿದ ಮಾರನೇ ವಾರಾನೇ ಬೋರ್ಡ್ ಹಚ್ಚೋದು ಜಾಸ್ತಿ ಜನ ಮಾಡೋ ತಪ್ಪು. ಒದ್ದೆ ಗೋಡೆ ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನೋದು ಮೇಸ್ತ್ರಿಗಳ ಅಂದಾಜು ಲೆಕ್ಕ, ಒಂಬತ್ತು ಇಂಚಿನ ಗೋಡೆ ಪೂರ್ತಿ ನೆನೆದಿದ್ರೆ ಮುಕ್ಕಾಲು ವರ್ಷ. ಎಲ್ಲಾ ಗೋಡೆಯೂ ಅಷ್ಟು ನೆನೆದಿರಲ್ಲ, ಆದ್ರೆ ಒಂದು ವಾರಕ್ಕೆ ಯಾವ ಗೋಡೆನೂ ಒಣಗಲ್ಲ.

ಪಿನ್ ಮೀಟರ್ ಮರಕ್ಕೆ ಅಂತ ಮಾಡಿದ್ದು. ಇಟ್ಟಿಗೆ ಮೇಲೆ ಚುಚ್ಚಿದಾಗ ಬರೋ ನಂಬರಿಗೆ ಅರ್ಥ ಇಲ್ಲ, ಗೋಡೆಯಲ್ಲಿ ಉಪ್ಪಿನಂಶ ಇದ್ರಂತೂ ಒಣಗಿದ ಗೋಡೆನೂ ಒದ್ದೆ ಅಂತ ತೋರಿಸುತ್ತೆ. ಇಟ್ಟಿಗೆ ಮೇಲೆ ಅದನ್ನ ಹೋಲಿಸೋಕೆ ಮಾತ್ರ ಬಳಸಿ. ಗೋಡೆ ಪೂರ್ತಿ 300 ಮಿ.ಮೀ.ಗೊಂದು ಚುಚ್ಚಿ ಪೆನ್ಸಿಲ್‌ನಲ್ಲಿ ನಂಬರ್ ಬರೀರಿ, ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅನ್ನೋ ನಕ್ಷೆ ಕಾಣುತ್ತೆ. ಕೆಳಗಡೆ ಜಾಸ್ತಿ ಇದ್ದು ಮೇಲೆ ಹೋಗ್ತಾ ಕಮ್ಮಿ ಆದ್ರೆ ನೆಲದ ಕಡೆ ಹುಡುಕಿ, ಒಂದೇ ಕಡೆ ಮಚ್ಚೆ ಥರ ಇದ್ರೆ ಅದರ ಹೊರಗಡೆ ಏನಿದೆ ನೋಡಿ, ಬರೀ ಮೂಲೆಯಲ್ಲಿ ಇದ್ರೆ ಮನೆ ಒಳಗಿನ ಹಬೆ ಅಲ್ಲಿ ತಣ್ಣಗಾಗಿ ಕೂರ್ತಿರಬಹುದು.

ನೀರು ಗೋಡೆಯಿಂದ ಬರ್ತಿದ್ಯಾ ಕೋಣೆ ಗಾಳಿಯಿಂದ ಬರ್ತಿದ್ಯಾ ಅನ್ನೋದಕ್ಕೆ ಪ್ಲಾಸ್ಟಿಕ್ ಟೆಸ್ಟ್ ಸುಲಭ. ಅರ್ಧ ಮೀಟರ್ ಚೌಕದ ಶೀಟ್ ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಶೀಟಿನ ಹಿಂದೆ ಹನಿ ನಿಂತಿದ್ರೆ ಗೋಡೆ ಒಳಗೆ ನೀರಿದೆ. ಮುಂದಿನ ಮೈಯಲ್ಲಿ ಹನಿ ಇದ್ರೆ ಕೋಣೆ ಗಾಳಿಯಲ್ಲೇ ತೇವ ಜಾಸ್ತಿ, ಆಗ ಎಂಟನೇ ಹಂತದ ಗಾಳಿ ಕೆಲಸ ಈಗಲೇ ಮಾಡಿ.

ಈ ಸೂಚನೆ ಕಂಡ್ರೆ ಅಲ್ಲಿಗೇ ನಿಲ್ಲಿಸಿ: ಬಿಳಿ ಪುಡಿ ಉಪ್ಪು ಒರೆಸಿದ ಮೇಲೂ ಮತ್ತೆ ಬರೋದು, ಪ್ಲಾಸ್ಟರ್ ಕುಟ್ಟಿದ್ರೆ ಟೊಳ್ಳು ಸದ್ದು, ಮರದ ತೊಲೆ ಅಥವಾ ಜಂತಿ ತುದಿಯಲ್ಲಿ ಮೀಟರ್ 20 ಪರ್ಸೆಂಟ್ ದಾಟೋದು. 20ರ ಕೆಳಗಿದ್ರೆ ಮರ ಕೊಳೆಯೋ ಭಯ ಇಲ್ಲ. ಮೇಲಿದ್ರೆ ಅದು ಇಳಿಯೋವರೆಗೂ ಕಾಯಲೇಬೇಕು.

## ಹಂತ 3: ಯಾವ ಥರದ ಬೋರ್ಡ್ ಅಂತ ತೀರ್ಮಾನ ಮಾಡಿ

ಎರಡು ದಾರಿ ಇದೆ. ಒಂದು ಉಸಿರಾಡೋ ದಾರಿ: ಮರದ ನಾರು, ಕ್ಯಾಲ್ಸಿಯಂ ಸಿಲಿಕೇಟ್, ಕಾರ್ಕ್, ಸೆಣಬಿನ ಹಾಗೆ ನಾರು ಕೊಡೋ ಹೆಂಪ್ ಗಿಡದ ತುಂಡು ಬೆರೆಸಿದ ಸುಣ್ಣ. ಇವು ಹಬೆಯನ್ನ ಆಚೀಚೆ ಬಿಡುತ್ತೆ. ಕ್ಯಾಲ್ಸಿಯಂ ಸಿಲಿಕೇಟ್, ಮರದ ನಾರಿನಂಥವು ಹಿಂದೆ ಕೂತ ನೀರನ್ನ ಬತ್ತಿ ಥರ ಹೀರಿ ಕೋಣೆ ಕಡೆಗೂ ತಂದು ಒಣಗಿಸುತ್ತೆ. ಇನ್ನೊಂದು ಮುಚ್ಚೋ ದಾರಿ: ಫಾಯಿಲ್ ಅಂಟಿಸಿದ ಪಿಐಆರ್ (ಗಟ್ಟಿ ಪ್ಲಾಸ್ಟಿಕ್ ನೊರೆ) ಥರದ ಬೋರ್ಡ್, ಒಳಗಡೆ ಹಬೆ ತಡೆಯೋ ಪದರ. ಇದು ಹಬೆ ಹಿಂದಕ್ಕೆ ಹೋಗದ ಹಾಗೆ ತಡೆಯುತ್ತೆ ಅನ್ನೋದು ನಿಜ, ಆದ್ರೆ ಒಂದೇ ಒಂದು ಪ್ಲಗ್ ಬಾಕ್ಸ್ ತೂತು ಸೀಲ್ ಆಗದೆ ಉಳಿದ್ರೆ ಅಲ್ಲಿಂದ ಹೋದ ಗಾಳಿ ಹಿಂದೆ ನೀರಾಗುತ್ತೆ, ಮತ್ತೆ ಆ ನೀರಿಗೆ ಒಳಗಡೆ ಬರೋಕೆ ದಾರಿ ಇಲ್ಲ. ಮಳೆ ಹೊಡೆಯೋ ಹಳೇ ಗೋಡೆಗೆ ನಾನು ಮೊದಲನೇದನ್ನೇ ಹೇಳ್ತೀನಿ, ಅಷ್ಟೇ ಶಾಖ ತಡೆಯೋಕೆ ಪಿಐಆರ್‌ಗಿಂತ ದಪ್ಪ ಜಾಸ್ತಿ ಬೇಕಾದ್ರೂ ಪರವಾಗಿಲ್ಲ, ಯಾಕಂದ್ರೆ ಕೈತಪ್ಪಿಗೆ ಅದು ಸ್ವಲ್ಪ ಮಾಫಿ ಕೊಡುತ್ತೆ.

ಹವಾಮಾನ ನೋಡ್ಕೊಳ್ಳಿ. ಚಳಿ ಜಾಗದಲ್ಲಿ ಹಬೆ ಒಳಗಿಂದ ಹೊರಗೆ ತಳ್ಳುತ್ತೆ. ಸೆಖೆ, ತೇವ ಎರಡೂ ಇರೋ ಕಡೆ ಎಸಿ ಹಾಕಿದ ಮನೆಯಲ್ಲಿ ಇದು ಉಲ್ಟಾ, ಹೊರಗಿನ ಹಬೆ ಒಳಗೆ ನುಗ್ಗಿ ಬರುತ್ತೆ. ಅಲ್ಲಿ ಒಳಮೈಗೆ ಪ್ಲಾಸ್ಟಿಕ್ ಶೀಟ್ ಅಥವಾ ವಿನೈಲ್ ವಾಲ್‌ಪೇಪರ್ ಹಚ್ಚಿದ್ರೆ ಅದರ ಹಿಂದೇನೇ ನೀರು ಕೂರುತ್ತೆ. ವರ್ಷದಲ್ಲಿ ಎರಡೂ ಕಾಲ ಇರೋ ಕಡೆ ತೇವಕ್ಕೆ ತಕ್ಕ ಹಾಗೆ ಬಿಗಿಯಾಗಿ ಸಡಿಲಾಗೋ ಸ್ಮಾರ್ಟ್ ಮೆಂಬ್ರೇನ್ ಸಿಗುತ್ತೆ, ಅದು ಬೇಕಾಗುತ್ತೆ.

ಕಂಪನಿಯವರು ಲೆಕ್ಕ ಮಾಡಿ ಕೊಟ್ಟಿದಾರೆ ಅಂದ್ರೆ ಯಾವ ಲೆಕ್ಕ ಅಂತ ಕೇಳಿ. ಐಎಸ್‌ಒ 13788 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಗ್ಲೇಸರ್ ವಿಧಾನ ಮಳೆಯನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಗೋಡೆ ನೀರು ಹೀರಿ ಇಟ್ಕೊಳ್ಳೋದನ್ನೂ ತಗೊಳ್ಳಲ್ಲ. ಗಟ್ಟಿ ಗೋಡೆಗೆ ಇಎನ್ 15026 ಅನ್ನೋ ಯುರೋಪಿನ ಮಾನದಂಡದ ಪ್ರಕಾರ ಗಂಟೆ ಗಂಟೆಗೆ ಮಾಡೋ ಕಂಪ್ಯೂಟರ್ ಸಿಮ್ಯುಲೇಶನ್ ಬೇಕು.

## ಹಂತ 4: ಹಳೇದನ್ನ ಕೀಳಿ, ಮೈ ಸಮ ಮಾಡಿ

ವಾಲ್‌ಪೇಪರ್, ವಿನೈಲ್ ಪೇಂಟ್, ಜಿಪ್ಸಮ್ ಪ್ಲಾಸ್ಟರ್ ಎಲ್ಲಾ ಇಟ್ಟಿಗೆವರೆಗೂ ಹೋಗಬೇಕು. ಬೋರ್ಡಿನ ಹಿಂದಿನ ತಣ್ಣನೆ ಜಾಗದಲ್ಲಿ ಕಾಗದ, ಗೋಂದು ಉಳಿದ್ರೆ ಬೂಷ್ಟಿಗೆ ಊಟ ಇಟ್ಟ ಹಾಗೆ. ಜಿಪ್ಸಮ್ ತೇವಕ್ಕೆ ಮೆತ್ತಗಾಗುತ್ತೆ. ಸುಣ್ಣದ ಹಳೇ ಪ್ಲಾಸ್ಟರ್ ಗಟ್ಟಿ ಇದ್ರೆ ಇರಲಿ.

ಆಮೇಲೆ ಸುಣ್ಣದ ತೆಳು ಗಾರೆಯಲ್ಲಿ ಇಡೀ ಗೋಡೆ ಸಮ ಮಾಡಿ. ಇಟ್ಟಿಗೆ ಸಂದಿಯಿಂದ ಬರೋ ಗಾಳಿ ನಿಲ್ಲಿಸೋದೂ ಇದೇ, ಬೋರ್ಡ್ ಪೂರ್ತಿ ಅಂಟೋಕೆ ಮೈ ಕೊಡೋದೂ ಇದೇ. ಉದ್ದದ ಪಟ್ಟಿ ಇಟ್ಟು ನೋಡಿ, ಕೆಳಗೆ ಬೆಳಕು ತೂರಿದ್ರೆ ಇನ್ನೊಂದು ಕೈ ಹಚ್ಚಿ. ದಿನಕ್ಕೆ ಒಂದು ಮಿ.ಮೀ. ಒಣಗುತ್ತೆ ಅಂತ ಹಿಡೀರಿ. 5 ಡಿಗ್ರಿಗಿಂತ ಕೆಳಗೆ ಸುಣ್ಣದ ಕೆಲಸ ಬೇಡ.

## ಹಂತ 5: ಜಂತಿ, ವೈರ್, ಪೈಪ್

ಈ ಹಂತ ಎಷ್ಟೋ ಜನರಿಗೆ ನೆನಪಾಗೋದೇ ಬೋರ್ಡ್ ಹಚ್ಚಿದ ಮೇಲೆ. ಮರದ ಅಟ್ಟ ಇರೋ ಮನೆಯಲ್ಲಿ ಜಂತಿ ತುದಿ ಗೋಡೆ ಒಳಗೆ ಹೂತಿರುತ್ತೆ, ಇಲ್ಲೀವರೆಗೆ ಮನೆ ಬಿಸಿಗೆ ಬೆಚ್ಚಗಿತ್ತು, ಇನ್ಮೇಲೆ ಗೋಡೆ ಜೊತೆ ಅದೂ ತಣ್ಣಗಾಗುತ್ತೆ. ಗೋಡೆ ಪಕ್ಕದ ಎರಡು ಮೂರು ಹಲಗೆ ಎಬ್ಬಿಸಿ. ಟಾರ್ಚ್ ಹಾಕಿ ಪ್ರತಿ ತುದಿ ನೋಡಿ, ಮೀಟರ್ ಚುಚ್ಚಿ, ನಂಬರ್ ಬರೀರಿ, ಸ್ಕ್ರೂಡ್ರೈವರ್ ಒತ್ತಿದ್ರೆ ಬೆಣ್ಣೆ ಥರ ಇಳಿದ್ರೆ ಬಡಗಿನ ಕರೀರಿ. ಮರ ಗೋಡೆ ಒಳಗೆ ಹೋಗೋ ಜಾಗದ ಸುತ್ತ ಗಾಳಿ ನುಗ್ಗದ ಹಾಗೆ ಟೇಪ್ ಅಥವಾ ಸೀಲೆಂಟ್ ಹಾಕಿ. ಆದ್ರೆ ತುದಿಗೆ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಬಂದ ನೀರು ಮರದಲ್ಲೇ ಉಳಿಯುತ್ತೆ. ಜಂತಿ ಜಂತಿ ನಡುವಿನ ಗೋಡೆಗೂ ಬೋರ್ಡ್ ತುಂಡು ಹಾಕಬೇಕು, ಇಲ್ಲಾಂದ್ರೆ ಅಲ್ಲಿ ಒಂದು ತಣ್ಣನೆ ಪಟ್ಟಿ ಉಳ್ಕೊಳ್ಳುತ್ತೆ.

ನೀರಿನ ಪೈಪ್ ಬೋರ್ಡಿನ ಹಿಂದೆ ಬಿಡಲೇಬೇಡಿ, ಹಿಮ ಬೀಳೋ ಕಡೆ ಹೆಪ್ಪುಗಟ್ಟಿ ಒಡೆಯುತ್ತೆ. ವೈರ್ ಇನ್ಸುಲೇಶನ್ ನಡುವೆ ಹೋದ್ರೆ ಬಿಸಿ ಜಾಸ್ತಿ ಆಗುತ್ತೆ, ಎಲೆಕ್ಟ್ರಿಷಿಯನ್ ಹತ್ರ ಸೈಜ್ ಕೇಳಿ. ಥರ್ಮೋಕೋಲ್ ಜಾತಿಯ ಬೋರ್ಡ್ ಪಿವಿಸಿ ವೈರಿಗೆ ತಾಗಿಕೊಂಡಿದ್ರೆ ವರ್ಷಗಳಲ್ಲಿ ವೈರಿನ ಹೊದಿಕೆ ಪೆಡಸಾಗುತ್ತೆ. ಕಪಾಟು, ಟಿವಿ, ಹೀಟರ್ ಎಲ್ಲೆಲ್ಲಿ ನೇತಾಕ್ತೀರ ಅಂತ ಈಗಲೇ ಗುರುತು ಹಾಕಿ, ಆಮೇಲೆ ಮೊಳೆ ಹೊಡೆದು ತೂತು ಮಾಡೋದು ತಪ್ಪುತ್ತೆ.

## ಹಂತ 6: ಬೋರ್ಡ್, ಹಿಂದೆ ಒಂದು ಬೆರಳೂ ಸಂದಿಲ್ಲದೆ

ನನ್ನ ಮೊದಲ ಕೋಣೆ ಹಾಳಾಗಿದ್ದು ಇಲ್ಲೇ. ಗೋಡೆ ಸ್ವಲ್ಪ ಡೊಂಕಿತ್ತು, ಸಮ ಮಾಡೋಕೆ ಸೋಮಾರಿತನ, ಬೋರ್ಡಿಗೆ ಅಲ್ಲೊಂದು ಇಲ್ಲೊಂದು ಗಾರೆ ಉಂಡೆ ಇಟ್ಟು ಒತ್ತಿಬಿಟ್ಟೆ. ಉಂಡೆ ಉಂಡೆ ನಡುವೆ 15 ಮಿ.ಮೀ. ಸಂದು. ಎರಡನೇ ಚಳಿಗಾಲದಲ್ಲಿ ಕೋಣೆ ಬಾಗಿಲು ತೆಗೆದ್ರೆ ಒದ್ದೆ ಗೋಣಿಚೀಲದ ವಾಸನೆ, ಗೋಡೆ ಮೇಲೆ ಮಾತ್ರ ಏನೂ ಇಲ್ಲ. ಕೊನೆಗೆ ಒಂದಡಿ ಚೌಕ ಕೊಯ್ದು ನೋಡಿದ್ರೆ ಗಾರೆ ಉಂಡೆ ಇದ್ದ ಕಡೆ ಇಟ್ಟಿಗೆ ಚೆನ್ನಾಗೇ ಇತ್ತು, ಸಂದು ಇದ್ದ ಕಡೆಯೆಲ್ಲ ಕಪ್ಪಗೆ ಮಸಿ ಬಳಿದ ಹಾಗೆ. ಕೆಳಗಿನ ಅಂಚಿಂದ ಬೆಚ್ಚನೆ ಗಾಳಿ ನುಗ್ಗಿ ಸಂದಿಯಲ್ಲಿ ಸುತ್ತಾಡಿ ಮೇಲೆ ಹೋಗ್ತಿತ್ತು ಅಂತ ಆಮೇಲೆ ಅರ್ಥ ಆಯ್ತು.

ಹಾಗಾಗಿ ಸುಣ್ಣದ ಅಂಟು ಗಾರೆಯನ್ನ ಹಲ್ಲು ಕರಣೆಯಲ್ಲಿ ಬೋರ್ಡಿನ ಮೈ ಪೂರ್ತಿ ಎಳೀರಿ, ಗೋಡೆಗೆ ಇಟ್ಟು ಅಲುಗಾಡಿಸ್ತಾ ಒತ್ತಿ. ಮೊದಲನೇ ಬೋರ್ಡ್ ಒಂದನ್ನ ತಕ್ಷಣ ಕಿತ್ತು ನೋಡಿ, ಗಾರೆ ಎಲ್ಲಾ ಕಡೆ ಚಪ್ಪಟೆ ಆಗಿದ್ರೆ ಸರಿ, ಹಲ್ಲಿನ ಗೀರು ಹಾಗೇ ಉಳಿದಿರೋ ಕಡೆ ಅಂಟಿಲ್ಲ. ಇಟ್ಟಿಗೆ ಕಟ್ಟೋ ಹಾಗೆ ಸಾಲಿಂದ ಸಾಲಿಗೆ ಜಾಯಿಂಟ್ ತಪ್ಪಿಸಿ. ಜಾಯಿಂಟ್ ಒಳಗೆ ಗಾರೆ ತುಂಬಬೇಡಿ, ಅಲ್ಲೇ ತಣ್ಣನೆ ಗೆರೆ ಬರುತ್ತೆ, ಅದೇ ಬೋರ್ಡಿನ ಚೂರು ತುರುಕಿ. ಅಂಟು ಹಿಡಿದ ಮೇಲೆ ಪ್ಲಾಸ್ಟಿಕ್ ತಲೆಯ ಫಿಕ್ಸಿಂಗ್ ಹೊಡೀರಿ. ಕೆಳಗಡೆ ನೆಲದಿಂದ ಒಂದು ಸೆಂಟಿಮೀಟರ್ ಮೇಲೆ ನಿಲ್ಲಿಸಿ, ಆ ಜಾಗಕ್ಕೆ ಕಾರ್ಕ್ ಪಟ್ಟಿ ಹಾಕಿ ಗಾಳಿ ಸೀಲ್ ಮಾಡಿ. ನೆಲ ಒರೆಸಿದ ನೀರನ್ನ ಬೋರ್ಡ್ ಕುಡಿಯಬಾರದು.

ಸೆನ್ಸರ್ ಬಿಡೋದಾದ್ರೆ ಈಗ, ಇಟ್ಟಿಗೆ ಮತ್ತು ಬೋರ್ಡ್ ನಡುವೆ. ಮಳೆ ಹೊಡೆಯೋ ಕಡೆ ಒಂದು, ಬಿಸಿಲು ಬೀಳದ ಕಡೆ ಒಂದು, ಜಂತಿ ತುದಿ ಹತ್ರ ಒಂದು.

## ಹಂತ 7: ಕಿಟಕಿ ಸುತ್ತ ಮತ್ತು ಮೂಲೆ

ಗೋಡೆಗೆಲ್ಲ ಬೋರ್ಡ್ ಹಚ್ಚಿ ಕಿಟಕಿ ಚೌಕಟ್ಟಿನ ಪಕ್ಕದ ಗೋಡೆ ದಪ್ಪ ಹಾಗೇ ಬಿಟ್ರೆ ಇಡೀ ಕೋಣೆಯಲ್ಲಿ ತಣ್ಣನೆ ಜಾಗ ಅದೊಂದೇ ಆಗುತ್ತೆ, ತೇವ ಎಲ್ಲಾ ಅಲ್ಲಿ ಬಂದು ಕೂರುತ್ತೆ. ಜಾಗ ಇಲ್ಲ ಅಂದ್ರೂ 20 ಮಿ.ಮೀ. ತೂರಿಸಿ, ಬೇಕಿದ್ರೆ ಹಳೇ ಪ್ಲಾಸ್ಟರ್ ಕೆತ್ತಿ ಜಾಗ ಮಾಡ್ಕೊಳ್ಳಿ. ಮೇಲೆ, ಕೆಳಗೆ, ಎರಡೂ ಪಕ್ಕ. ಹೊರಗೋಡೆಗೆ ಬಂದು ಸೇರೋ ಒಳಗೋಡೆ ಮೇಲೂ ಅರ್ಧ ಮೀಟರ್‌ನಷ್ಟು ತೆಳು ಬೋರ್ಡ್ ತಿರುಗಿಸಿ. ಬೀರು ಹಿಂದೆ ಅಂತ ಒಂದು ತುಂಡು ಗೋಡೆ ಬಿಡೋರಿದಾರೆ, ಬಿಡಬೇಡಿ.

## ಹಂತ 8: ಮೇಲ್ಮೈ, ಪೇಂಟ್, ಗಾಳಿ

ಉಸಿರಾಡೋ ಬೋರ್ಡ್ ಮೇಲೆ ಜಾಳಿ ಒತ್ತಿ ಸುಣ್ಣದ ಪ್ಲಾಸ್ಟರ್, ಅದರ ಮೇಲೆ ಸುಣ್ಣ, ಸಿಲಿಕೇಟ್ ಅಥವಾ ಜೇಡಿಮಣ್ಣಿನ ಬಣ್ಣ. ಇಷ್ಟೆಲ್ಲಾ ಕಷ್ಟಪಟ್ಟು ಕೊನೆಗೆ ತೊಳೆಯಬಹುದು ಅಂತ ವಿನೈಲ್ ಪೇಂಟ್ ಹೊಡೆದು ಮುಚ್ಚಿಹಾಕಿದವರನ್ನ ನಾನೇ ನೋಡಿದೀನಿ, ಹೇಳೋಕೆ ಬೇಜಾರು.

ನಾಲ್ಕು ಜನ ಇರೋ ಮನೆಯಲ್ಲಿ ಉಸಿರು, ಅಡುಗೆ, ಸ್ನಾನ, ಬಟ್ಟೆ ಒಣಗಿಸೋದು ಸೇರಿ ದಿನಕ್ಕೆ ಸುಮಾರು 10 ಲೀಟರ್ ನೀರು ಗಾಳಿಗೆ ಸೇರುತ್ತೆ. ಸಂದುಗೊಂದು ಮುಚ್ಚಿದ ಮೇಲೆ ಅದು ಹೋಗೋಕೆ ಫ್ಯಾನ್ ಬೇಕು. ಬಚ್ಚಲು, ಅಡುಗೆಮನೆ ಎರಡಕ್ಕೂ ಎಕ್ಸಾಸ್ಟ್ ಹಾಕಿ, ಗಾಳಿ ಮನೆ ಹೊರಗೇ ಹೋಗಬೇಕು, ಅಟ್ಟಕ್ಕಲ್ಲ. ಫ್ಯಾನ್ ಆನ್ ಮಾಡಿ ಟಿಶ್ಯೂ ಕಾಗದ ಹಿಡೀರಿ, ಅಂಟಿಕೊಂಡು ನಿಲ್ಲದಿದ್ರೆ ಸದ್ದು ಮಾತ್ರ ಮಾಡ್ತಿದೆ ಅಂತ. ಕೋಣೆಯ ಹ್ಯುಮಿಡಿಟಿ 40 ರಿಂದ 60 ಪರ್ಸೆಂಟ್ ಒಳಗಿರಲಿ. ಬೀರುಗಳನ್ನ ಹೊರಗೋಡೆಯಿಂದ 50 ಮಿ.ಮೀ. ದೂರ ಇಡಿ.

## ಹಂತ 9: ಎರಡು ವರ್ಷ ಕಣ್ಣಿಡಿ

ಸೆನ್ಸರ್ ಮೊದಲ ಕೆಲವು ತಿಂಗಳು ಹ್ಯುಮಿಡಿಟಿ 95 ಪರ್ಸೆಂಟ್ ಮೇಲೆ ತೋರಿಸಿದ್ರೆ ಗಾಬರಿ ಬೇಡ, ಹೊಸ ಗಾರೆಯ ನೀರು ಅದು. ನೋಡಬೇಕಾಗಿರೋದು ಇಳಿಯುತ್ತಾ ಅಂತ. ಒಣ ಕಾಲದಲ್ಲಿ 80ರ ಕೆಳಗೆ ಬಂದು ಚಳಿಯಲ್ಲಿ ಮತ್ತೆ ಸ್ವಲ್ಪ ಏರಿದ್ರೆ ಗೋಡೆ ತನ್ನ ಪಾಡಿಗೆ ಕೆಲಸ ಮಾಡ್ತಿದೆ. ಒಣ ಕಾಲ ಪೂರ್ತಿ ಕಳೆದ್ರೂ 80ರ ಮೇಲೇ ಇದ್ರೆ, ಅಥವಾ ಈ ವರ್ಷದ ನಂಬರ್ ಹೋದ ವರ್ಷದ ಅದೇ ತಿಂಗಳಿಗಿಂತ ಜಾಸ್ತಿ ಇದ್ರೆ, ಒಳಗಡೆ ಏನೂ ಕೀಳೋಕೆ ಮುಂಚೆ ಮತ್ತೆ ಮಳೆಯಲ್ಲಿ ಛತ್ರಿ ಹಿಡ್ಕೊಂಡು ಹೊರಗೆ ಹೋಗಿ. ಮಳೆ ಬಂದ ಒಂದೆರಡು ದಿನಕ್ಕೆ ನಂಬರ್ ಜಿಗಿದ್ರೆ ಹೊರಗಿನ ನೀರು. ಮಳೆಗೂ ಅದಕ್ಕೂ ಸಂಬಂಧ ಇಲ್ಲದೆ ಚಳಿ ಹೆಚ್ಚಾದಾಗ ಏರಿದ್ರೆ ಒಳಗಿನ ಗಾಳಿ ಎಲ್ಲೋ ನುಗ್ತಿದೆ, ಮೊದಲು ಪ್ಲಗ್ ಬಾಕ್ಸ್ ಮುಚ್ಚಳ ಬಿಚ್ಚಿ ಅಂಗೈ ಹಿಡಿದು ನೋಡಿ, ಆಮೇಲೆ ನೆಲದ ಅಂಚು, ಆಮೇಲೆ ಜಂತಿ ಸುತ್ತ. ಸೆನ್ಸರ್ ಇಲ್ಲದವರಿಗೆ ಮೂಗೇ ಮೀಟರ್: ಎರಡು ದಿನ ಬಾಗಿಲು ಹಾಕಿಟ್ಟ ಕೋಣೆ ತೆಗೆದಾಗ ಗೋಣಿಚೀಲದ ವಾಸನೆ ಬಂದ್ರೆ ಬಾಗಿಲ ಹಿಂದೆ ಯಾರಿಗೂ ಕಾಣದ ಕಡೆ ಒಂದು ಅಂಗೈ ಅಗಲ ಕೊಯ್ದು ನೋಡಿ.